ತದಡಿ ದಂಡೆಯಲ್ಲಿ ಹಗಲು ಹೊತ್ತು ಹೊಳೆದ ನಕ್ಷತ್ರ

ಹೆಸರು: ಮಾಬ್ಲೇಶ್ವರ ದೇವಣ್ಣ ನಾಯಕ. ವಯಸ್ಸು: ಮೂವತ್ತಾರು. ಧಂದೆ: ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಶಿಕ್ಷಕ, ಬಿ.ಎ. ವಾಸ: ಮೂರೂರು ಹಾದಿ, ಕುಮಟಾ ಪೇಟೆ, ಉತ್ತರ ಕನ್ನಡ ಜಿಲ್ಲೆ.

ಮೇಲೆ ಬರೆಸಿದ ನಾನು, ಯಾರೂ ಕರೆಯದೆ, ಯಾರೂ ಎಳೆದು ತರದೆ, ನನ್ನ ಕಾಲಿನಲ್ಲೇ ನಡೆದು ಕುಮಟಾ ಠಾಣೆಗೆ ಬಂದು, ಫೌಜದಾರ ಸಾಹೇಬರ ಎದುರು ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಭಾನುವಾರ ತದಡಿಯಲ್ಲಿ ಜನರು ಹಿಡಿದುಕೊಟ್ಟ, ಸದ್ಯ ಈ ಠಾಣೆಯ ಹಿಂದಿನ ಕೋಣೆಯಲ್ಲಿರುವ ಹೊನ್ನಾವರದ ಡಾಕ್ಟರ ಶಾಂತಾರಾಮ ಪ್ರಭು ಅವರು ನನ್ನ ಸ್ನೇಹಿತರು. ಅವರು ಕನ್ನಡಿಯಿಂದ ಜಪಾನಿ ಹಡಗಿಗೆ ಸನ್ನೆ ಮಾಡಿದರೆಂದು ಆರೋಪವಿದೆ. ತಾನೊಬ್ಬನೇ ಇದ್ದೆನೆಂದು ಅವರು ಬರೆಸಿದ್ದಾರೆಂದೂ, ಇಂದು ಮಧ್ಯಾಹ್ನದ ಮೋಟಾರಿಗೆ ಅವರನ್ನು ಕಾರವಾರಕ್ಕೆ ಸಾಗಿಸುತ್ತಾರೆಂದೂ ಪೇಟೆಯಲ್ಲಿ ಕೇಳಿದೆ. ಅವರು ಒಬ್ಬರೇ ಇರಲಿಲ್ಲ. ಹೊಳೆಯ ಈಚೆ ದಂಡೆಯಲ್ಲಿ ನಾನಿದ್ದೆ. ನನ್ನನ್ನು ಉಳಿಸಲು ಅವರು ಹೇಳಿದ ಮಾತು ಅವರನ್ನೇ ಮುಳುಗಿಸುತ್ತಿದೆ.

ನಮ್ಮಿಬ್ಬರಿಗೂ ಸಣ್ಣ ದುರ್ಬೀನುಗಳ ಹುಚ್ಚು. ನನ್ನದು ಎದುರುಗಾಜು ಎರಡೂವರೆ ಅಂಗುಲದ್ದು, ಹಿತ್ತಾಳೆಯ ಕೊಳವೆ, ಒಳಗೆ ಮಖಮಲ್ಲು ಹಾಕಿದ ಮರದ ಪೆಟ್ಟಿಗೆ. ೧೯೩೬ರಲ್ಲಿ ಮುಂಬಯಿಯಿಂದ ತರಿಸಿದ್ದು. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯದಂತೆ ಹುರಿದ ಅಕ್ಕಿಯ ಗಂಟನ್ನು ಪೆಟ್ಟಿಗೆಯಲ್ಲಿ ಇಡುತ್ತೇನೆ. ಗಾಜನ್ನು ಬೆರಳಿನಿಂದ ಮುಟ್ಟುವುದಿಲ್ಲ, ಮುಟ್ಟಲು ಬಿಡುವುದೂ ಇಲ್ಲ. ನನ್ನ ಹೆಂಡತಿ ನೀಲಾ ಇದನ್ನು ಸವತಿ ಎನ್ನುತ್ತಾಳೆ. ದೊಡ್ಡ ದುರ್ಬೀನು ಇಟ್ಟುಕೊಂಡವನು ಅದರ ಹಮಾಲ, ಬಗಲಲ್ಲಿ ಹೊತ್ತು ನಡೆಯುವಂಥದನ್ನು ಇಟ್ಟುಕೊಂಡವನೇ ಅದರ ಯಜಮಾನ ಎಂಬುದು ಡಾಕ್ಟರರ ಅಭಿಪ್ರಾಯ. ಅವರು ಕಳೆದ ತಿಂಗಳು ಭಟ್ಕಳದ ವ್ಯಾಪಾರಿ ಮೀರಾನ್ ಸಾಹೇಬರಿಂದ ಮೂರಂಗುಲದ ಇಂಗ್ಲಿಷ್ ದುರ್ಬೀನೊಂದನ್ನು ಕೊಂಡರು. ಅಂದಿನಿಂದ ಅವರ ಪ್ರತಿ ಕಾಗದದಲ್ಲೂ ಆ ಹೆಚ್ಚಿನ ಅರ್ಧ ಅಂಗುಲ ಇಣುಕುತ್ತಿತ್ತು. ದೂರ ನೋಡುವವರ ಮೇಲೆ ದೂರು ಬರುವುದು ಸಹಜವೆಂದು ನಾನು ಆಗ ಉತ್ತರ ಬರೆದಿದ್ದೆ.

ಇಲ್ಲಿ ಫೌಜದಾರ ಸಾಹೇಬರು, ಮಾಸ್ತರೇ, ಹೇಳಿಕೆಯಲ್ಲಿ ಚೇಷ್ಟೆ ಬೇಡ ಎಂದರು. ಹೆದರಿಕೆಯಾದಾಗ ನನ್ನ ನಾಲಿಗೆ ಹೀಗೇ ಓಡುತ್ತದೆ. ಕಾಲು ಓಡುವುದಿಲ್ಲ, ಅದಕ್ಕೆ. ಕ್ಷಮೆಯಿರಲಿ.

ಎರಡರಲ್ಲಿ ಯಾವ ಗಾಜು ಉತ್ತಮವೆಂದು ತಿಳಿಯಲು ಒಂದು ನಕ್ಷತ್ರ ಬೇಕು. ಆದರೆ ಈಸ್ಟರ್ ಭಾನುವಾರ ಕೊಲಂಬೋದ ಮೇಲೆ ಬಾಂಬು ಬಿದ್ದ ಸುದ್ದಿ ಬಂದ ಮೇಲೆ ಈ ಕರಾವಳಿಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ನಮ್ಮ ಕೇರಿಯ ಎರಡು ಮನೆಯವರು ಹೆಂಗಸರನ್ನು ಘಟ್ಟ ಹತ್ತಿಸಿ ಶಿರಸಿಗೆ ಕಳಿಸಿದ್ದಾರೆ. ರಾತ್ರಿ ಗುಡ್ಡದ ಮೇಲೆ ದುರ್ಬೀನು ನಿಲ್ಲಿಸಿದರೆ ಜನ ಸಂಶಯಪಟ್ಟಾರು, ಆದ್ದರಿಂದ ಎಲ್ಲರ ಕಣ್ಣಿಗೂ ಬೀಳುವಂತೆ ಹಗಲಲ್ಲೇ ಮಾಡೋಣ ಎಂದು ಡಾಕ್ಟರರು ಸೂಚಿಸಿದರು. ನನಗೂ ಅದು ಜಾಣತನವಾಗಿ ಕಂಡಿತು.

ಹಗಲಲ್ಲಿ ನಕ್ಷತ್ರ ಮಾಡುವ ಕ್ರಮ ಹೀಗೆ. ಬೆಳ್ಳಿಬಣ್ಣದ ಗಾಜಿನ ಗುಂಡೊಂದನ್ನು ದೂರದಲ್ಲಿ ಬಿಸಿಲಿಗೆ ಇಡಬೇಕು. ಸೂರ್ಯ ಅದರಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಯಾಗಿ ಹೊಳೆಯುತ್ತಾನೆ. ಹಿಂದೆ ಕಪ್ಪಗೆ ಏನಾದರೂ ಹಿಡಿದರೆ ಆ ಚುಕ್ಕೆ ಸಾಕ್ಷಾತ್ ನಕ್ಷತ್ರ. ಡಾಕ್ಟರರು ಹೊನ್ನಾವರದ ಕ್ರಿಶ್ಚಿಯನ್ ರೋಗಿಯೊಬ್ಬರ ಮನೆಯಿಂದ, ಕ್ರಿಸ್‌ಮಸ್ಸಿಗೆ ತೂಗುಹಾಕುವ ನಿಂಬೆಗಾತ್ರದ ಗುಂಡನ್ನು ಕೇಳಿ ತಂದರು. ಕಪ್ಪು ಬಣ್ಣಕ್ಕೆ ಅವರ ಕೊಡೆಯಿತ್ತು. ಮರಳಿನ ಮೇಲೆ ನೋಡಿದರೆ ಬಿಸಿಗಾಳಿ ಎದ್ದು ಚುಕ್ಕೆ ಕುದಿಯುತ್ತದೆ, ನೀರಿನ ಮೇಲೆ ಗಾಳಿ ತಣ್ಣಗೆ ನಿಂತಿರುತ್ತದೆ. ಇದೊಂದೇ ಕಾರಣಕ್ಕೆ ನಾವು ಅಘನಾಶಿನಿ ಹೊಳೆಯ ಬಾಯಿಯನ್ನು ಆರಿಸಿಕೊಂಡೆವು. ಅದು ಸಮುದ್ರಕ್ಕೆ ಎದುರಾಗಿದೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ನಮ್ಮ ತಲೆ ತುಂಬ ಗಾಜೇ ಇತ್ತು.

ಶನಿವಾರ ಸಂಜೆ ಡಾಕ್ಟರರು ನಮ್ಮ ಮನೆಗೆ ಬಂದು ಉಳಿದರು. ಚುಕ್ಕೆಯ ಸುತ್ತ ಒಂದು ತೆಳು ಉಂಗುರ ಕಂಡರೆ ಗಾಜು ಒಳ್ಳೆಯದೆಂದು ಅವರು ವಿವರಿಸಿದಾಗ ನೀಲಾ, “ಉಂಗುರ ನೋಡೂಕೆ ಹೊಳೆ ಬಾಗ್ಲಿಗೆ ಹೋಗ್ಬೇಕಾ? ನನ್ನ ಬೆರಳಿಗೆ ಒಂದು ಹಾಕಿದ್ರೆ ಇಲ್ಲೇ ಕಾಂತಿತ್ತಲ” ಎಂದಳು. ಡಾಕ್ಟರರು ಊಟದ ಎಲೆಯ ಮುಂದೆ ಬಹಳ ನಕ್ಕರು. ಅವರು ನಕ್ಕದ್ದನ್ನು ನಾನು ಕೊನೆಯದಾಗಿ ನೋಡಿದ್ದು ಅಲ್ಲಿ.

ಭಾನುವಾರ ನಸುಕಿನಲ್ಲಿ ಗಾಡಿ ಮಾಡಿಕೊಂಡು ಅಘನಾಶಿನಿ ಊರಿಗೆ ಹೋದೆವು. ಎರಡೂ ದುರ್ಬೀನುಗಳೊಂದಿಗೆ ನಾನು ತೆಂಕಣ ದಂಡೆಯಲ್ಲಿ ಉಂಡಿಮರದ ಕೆಳಗೆ ನಿಂತೆ. ಗುಂಡು, ಕೋಲು, ಕೊಡೆ ಹಿಡಿದು ಡಾಕ್ಟರರು ಬೀರಪ್ಪ ಅಂಬಿಗನ ದೋಣಿಯಲ್ಲಿ ಬಡಗಣ ದಂಡೆಗೆ, ಅಂದರೆ ತದಡಿಯ ಬದಿಗೆ ದಾಟಿದರು. ನಡುವಿನ ನೀರು ಸುಮಾರು ಆರುನೂರು ಗಜ. ಬೀರಪ್ಪನು ದೋಣಿ ತಿರುಗಿಸಿಕೊಂಡು ಬಂದು ನನ್ನ ಬಳಿಯೇ ಕುಳಿತು ಎಲೆ ಹಾಕಿದನು. ಬಿಸಿಲು ಏರಿದಂತೆ ಕೊಡೆಯ ನೆರಳು ಗುಂಡಿನ ಮೇಲೆ ಬೀಳುವ ಸಂಭವವಿತ್ತು. ಹಾಗಾದಾಗ ನಾನು ಬಿಳಿ ಪಂಜೆಯನ್ನು ಬೀಸುವುದು, ಅವರು ಕೊಡೆಯನ್ನು ಸರಿಸುವುದು, ಇದು ನಮ್ಮ ಒಪ್ಪಂದ.

ಎಂಟೂಕಾಲಿನಿಂದ ಒಂಬತ್ತರವರೆಗೆ ಎರಡನ್ನೂ ನೋಡಿದೆ. ಡಾಕ್ಟರರ ಗಾಜಿನಲ್ಲಿ ಚುಕ್ಕೆಯ ಅಂಚಿಗೆ ಚಿಟಿಕೆಯಷ್ಟು ನೇರಳೆ ಛಾಯೆಯಿತ್ತು. ನನ್ನದರಲ್ಲಿ ಚುಕ್ಕೆ ಅಕ್ಕಿನುಚ್ಚಿನಂತೆ ಬೆಳ್ಳಗಿತ್ತು. ಸುತ್ತ ಒಂದೇ ಒಂದು ಉಂಗುರ, ಎಲ್ಲಿಯೂ ಕಡಿಯದೆ, ಎಲ್ಲಿಯೂ ದಪ್ಪವಾಗದೆ. ಇಷ್ಟು ವರ್ಷ ಇಟ್ಟುಕೊಂಡಿದ್ದೂ ಅದನ್ನು ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ನನ್ನದು ಜರ್ಮನಿಯಲ್ಲಿ ಮಾಡಿದ್ದು, ಅವರದು ಇಂಗ್ಲೆಂಡಿನದು. ಜರ್ಮನಿ ಗೆದ್ದಿತೆಂದು ನಾನು ಹೇಳಿದೆನೆಂದು ಬರೆದುಕೊಳ್ಳಬಾರದೆಂದು ರೈಟರ್ ಅವರಲ್ಲಿ ವಿನಂತಿ. ಈ ಅವಧಿಯಲ್ಲಿ ಮೂರು ಸಲ ನೆರಳು ಬಿದ್ದಿತು, ಮೂರು ಸಲ ಪಂಜೆ ಬೀಸಿದೆ, ಮೂರು ಸಲ ಹೊಳಪು ಆರಿ ಮತ್ತೆ ಹತ್ತಿತು.

ಒಂಬತ್ತು ಗಂಟೆಯ ಸುಮಾರಿಗೆ ಪಡುವಣದಲ್ಲಿ ಹಡಗಿನ ಹೊಗೆ ಕಂಡಿತು. ಬೀರಪ್ಪನು ಎದ್ದು ನಿಂತು, “ಎಂತದದು? ಇವತ್ತು ಆಗಬೋಟಿ ದಿನ ಅಲ್ಲಲ” ಎಂದನು. ನಾನು ಕಣ್ಣು ತೆಗೆಯಲಿಲ್ಲ. ನನಗೆ ಉಂಗುರ ಕಾಣುತ್ತಿತ್ತು.

ನನ್ನ ದುರ್ಬೀನು ನಕ್ಷತ್ರ ನೋಡಲು ಮಾಡಿದ್ದಾದ್ದರಿಂದ ಅದರಲ್ಲಿ ಲೋಕವೆಲ್ಲ ತಲೆಕೆಳಗಾಗಿ ಕಾಣುತ್ತದೆ. ಅರವತ್ತು ಪಟ್ಟು ಹತ್ತಿರ ತರುವುದರಿಂದ ಆರುನೂರು ಗಜ ಹತ್ತು ಗಜವಾಗುತ್ತದೆ. ಆ ಹತ್ತು ಗಜದಲ್ಲಿ, ಮೊದಲು ಒಂದು ಹೆಂಗಸಿನ ಬಳೆಗೈ ಮೇಲಿನಿಂದ ಇಳಿಬಿದ್ದಿತು. ಆಮೇಲೆ ಏಳೆಂಟು ಜನ, ಕಾಲು ಮೇಲಾಗಿ, ಬಾವಲಿಗಳಂತೆ ಜೋತುಬಿದ್ದು ಡಾಕ್ಟರರ ಸುತ್ತ ನೆರೆದರು. ಅವರೆಲ್ಲರ ಬಾಯಿ ತೆರೆದಿತ್ತು. ಸದ್ದು ಮಾತ್ರ ಒಂದಿಷ್ಟೂ ಇರಲಿಲ್ಲ. ಡಾಕ್ಟರರು ಟೊಪ್ಪಿಗೆ ತೆಗೆದು ಕೈ ಮುಗಿದರು. ಒಬ್ಬನು ದೋಣಿ ನೂಕುವ ಜಲ್ಲೆ ಎತ್ತಿದನು. ಗಾಜಿನ ಗುಂಡು ಚೂರಾಗಿ ನನ್ನ ನಕ್ಷತ್ರ ಆರಿತು.

ನಾನು ಎದ್ದು ಕೂಗಿದೆ. ಬರಿಗಣ್ಣಿಗೆ ಆಚೆ ದಂಡೆಯಲ್ಲಿ ಇರುವೆಗಳಷ್ಟೇ ಕಂಡವು. ಬೇಡ, ನಿಲ್ಲಿಸಿ ಎಂದು ತಿಳಿಸಲು ಪಂಜೆ ಬೀಸಿದೆ. ಮತ್ತೆ ಕಣ್ಣಿಟ್ಟಾಗ ಡಾಕ್ಟರರ ಹಣೆ ಒಡೆದಿತ್ತು. ರಕ್ತವು ಅವರ ಹಣೆಯಿಂದ ಗಲ್ಲದ ಕಡೆಗೆ, ಅಂದರೆ ನನ್ನ ಕಣ್ಣಿಗೆ ಮೇಲ್ಮುಖವಾಗಿ ಏರುತ್ತಿತ್ತು. ಆ ಜನರಿಗೆ ಕಂಡಿರಲಿಕ್ಕಿಲ್ಲವೆಂದು ಬಗೆದು ನಾನು ಎರಡೂ ಕೈಯಲ್ಲಿ ಹಿಡಿದು ಇನ್ನೂ ಜೋರಾಗಿ ಬೀಸಿದೆ. ಡಾಕ್ಟರರು ಮರಳಿಗೆ ಕುಸಿದರು. ಮೂರನೆಯ ಸಲ ಎತ್ತಿದ ಕೈಯನ್ನು ಬೀರಪ್ಪನು ಹಿಡಿದನು.

“ಇಳ್ಸಿ ಮಾಸ್ತರೆ, ಪಂಜೆ ಇಳ್ಸಿ! ನೀವು ಬೀಸ್ದಾಂಗೆಲ್ಲ ಅವ್ರು ಹೊಡಿತಿದ್ರು, ಕಾಂತಿಲ್ಲಾ? ಜಪಾನದವ್ನಿಗೆ ಉತ್ರ ಕೊಡ್ತಿದ್ರು ಅಂತ ತಿಳ್ಕಂಡಿರು!”

ಅಘನಾಶಿನಿ ಎಂದರೆ ಪಾಪವನ್ನು ನಾಶಮಾಡುವವಳು ಎಂದು ನಾನು ಶಾಲೆಯಲ್ಲಿ ಹೇಳಿಕೊಡುತ್ತೇನೆ. ನಿನ್ನೆ ಆ ದಂಡೆಯಲ್ಲಿ ನಾಶವಾಗುತ್ತಿದ್ದವರು ಪಾಪದ ಮನುಷ್ಯರೊಬ್ಬರು, ಮಾಡಿಸುತ್ತಿದ್ದವನು ನಾನು.

ಆಚೆಗೆ ದಾಟಿಸೆಂದು ಬೀರಪ್ಪನ ಕಾಲು ಹಿಡಿದೆ. ಅವನು, “ನಿಮ್ಮನ್ನೂ ಕೊಲ್ತ್ರು, ನನ್ನನ್ನೂ ಕೊಲ್ತ್ರು, ದೋಣಿನೂ ಒಡಿತ್ರು. ದೋಣಿ ಎಂತ ಮಾಡಿತ್ತು ಪಾಪ?” ಎಂದು ನನ್ನನ್ನು ಉಂಡಿಮರದ ಹಿಂದಕ್ಕೆ ಎಳೆದು ಕೂರಿಸಿದನು. ನಾನು ಕುಳಿತೆ. ಈಜಲು ನನಗೆ ಬರುತ್ತದೆ. ಅದನ್ನೂ ಬರೆದುಕೊಳ್ಳಬೇಕು.

ಸ್ವಲ್ಪ ಹೊತ್ತಿನಲ್ಲಿ ತದಡಿಯ ಪೊಲೀಸ್ ಪಾಟೀಲರು ಬಂದು ಡಾಕ್ಟರರನ್ನು ಬಿಡಿಸಿ, ಕೈಕಟ್ಟಿ ನಡೆಸಿಕೊಂಡು ಹೋದದ್ದು ಕಂಡಿತು. ಡಾಕ್ಟರರು ಒಮ್ಮೆಯೂ ನನ್ನ ಕಡೆಗೆ ತಿರುಗಿ ನೋಡಲಿಲ್ಲ. ನನ್ನ ಸುಳಿವು ಹತ್ತಬಾರದೆಂದೇ ಹಾಗೆ ಮಾಡಿದರೆಂದು ನನಗೆ ಗೊತ್ತು. ಹಡಗು ಉತ್ತರಕ್ಕೆ ಸಾಗಿ ಮರೆಯಾಯಿತು. ಅದು ಯಾರದೋ ಇನ್ನೂ ತಿಳಿದಿಲ್ಲ. ಮಧ್ಯಾಹ್ನಕ್ಕೆ ಮೀನಿನ ದೋಣಿಗಳೆಲ್ಲ ಸುಖವಾಗಿ ಮರಳಿದವು.

ಬೀರಪ್ಪನ ಕೊಟ್ಟಿಗೆಯಲ್ಲಿ ಸಂಜೆಯವರೆಗೆ ಅಡಗಿದ್ದು, ದುರ್ಬೀನಿನ ಪೆಟ್ಟಿಗೆಗಳನ್ನು ತೆಂಗಿನ ಮಡಲಿನ ಹೊರೆಯಲ್ಲಿ ಮುಚ್ಚಿ ಹೊತ್ತು, ದೀಪ ಹಚ್ಚುವ ವೇಳೆಗೆ ಮನೆ ಸೇರಿದೆ. ಡಾಕ್ಟರರು ಯಾರ ಹೆಸರನ್ನೂ ಹೇಳಿಲ್ಲವೆಂಬ ಸುದ್ದಿ ನನಗಿಂತ ಮೊದಲೇ ನೀಲಾಳಿಗೆ ತಲುಪಿತ್ತು. “ಅವ್ರೇ ಹೇಳ್ಲಿಲ್ಲ ಅಂದ್ಮೇಲೆ ನೀವ್ಯಾಕೆ ಹೋಗಿ ಹೇಳ್ತ್ರಿ? ಎರಡನ್ನೂ ಬಾವಿಗೆ ಹಾಕಿ, ಸುಮ್ಮಂಗಿರಿ” ಎಂದಳು. ನಾನು ನನ್ನ ಪೆಟ್ಟಿಗೆಗೆ ಹಗ್ಗ ಬಿಗಿದು ಬಾವಿಗೆ ಇಳಿಸಿದ್ದು ನಿಜ. ನೀರು ತಾಗುವ ಮೊದಲು ಮೇಲಕ್ಕೆ ಎಳೆದುಕೊಂಡೆ. ದುರ್ಬೀನಿನ ಮೇಲಿನ ಮೋಹವೇ ಎಂದು ನೀಲಾ ಕೇಳಿದಳು. ಅಲ್ಲವೆಂದೆ. ದುರ್ಬೀನು ಇಲ್ಲದಿದ್ದರೆ ಸಮುದ್ರದ ದಂಡೆಯಲ್ಲಿ ಹೊಳೆಯುವ ಗುಂಡಿಗೆ ಸನ್ನೆ ಎಂಬುದಲ್ಲದೆ ಬೇರೆ ಅರ್ಥವೇ ಇಲ್ಲ. ಡಾಕ್ಟರರು ನಿರಪರಾಧಿ ಎನ್ನಲು ಇರುವ ವಸ್ತು ಅದೊಂದೇ, ಅದರ ಮೇಲೆ ಜರ್ಮನ್ ಅಕ್ಷರಗಳಿವೆ. ಬೆಳಿಗ್ಗೆ ಅವಳು ಒಗೆದ ಅಂಗಿ ತಂದುಕೊಟ್ಟಳು. ಠಾಣೆಗೆ ಹರಕು ಅಂಗಿ ಹಾಕ್ಕಂಡು ಹೋಗ್ಬೇಡಿ ಎಂದಳು.

ಇಂದು ಬೆಳಿಗ್ಗೆ ಒಂಬತ್ತೂವರೆಗೆ ಎರಡೂ ದುರ್ಬೀನುಗಳನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಫೌಜದಾರ ಸಾಹೇಬರು ನನ್ನದರಲ್ಲಿ ಕಿಟಕಿಯಾಚೆಯ ತೆಂಗಿನಮರ ನೋಡಿ, ಮರ ಯಾಕೆ ತಲೆಕೆಳಗು ಎಂದು ವಿಚಾರಿಸಿದರು. ನಕ್ಷತ್ರಕ್ಕೆ ಮೇಲು ಕೆಳಗು ಇಲ್ಲವೆಂದು ತಿಳಿಸಿದೆ. ರೈಟರ್ ನಕ್ಕರು. ಸಾಹೇಬರು ನಗದೆ ಕೊಳವೆಯ ಮೇಲಿನ ಜರ್ಮನ್ ಅಕ್ಷರಗಳನ್ನು ಬೆರಳಿನಿಂದ ಸವರಿದರು. ಬೆರಳು ಗಾಜಿಗೂ ತಾಗಿತು. ಮುಟ್ಟಲು ಬಿಟ್ಟೆ.

ತನ್ನ ಸಾಕ್ಷಿ ಹೇಳಲು ಬಂದು ಜಗಲಿಯಲ್ಲಿ ಕುಳಿತಿದ್ದ ತದಡಿಯ ಹೊನ್ನಮ್ಮ ಹರಿಕಂತ್ರ ಎಂಬವಳು ಇದನ್ನೆಲ್ಲ ಕೇಳಿ ಒಳಗೆ ಬಂದಳು. ಮೊದಲು ಕೂಗಿದವಳು ತಾನೇ ಎಂದು ಒಪ್ಪಿದಳು. “ನನ್ನ ಗಂಡ ದುರ್ಗಪ್ಪ, ನನ್ನ ಇಬ್ರು ಅಣ್ಣದೀರು, ಎಲ್ಲ ಆ ಹೊಗೆ ಬುಡಕ್ಕೇ ಬಲೆ ಹಾಕೂಕೆ ಹೋಗಿರು ಒಡೆಯಾ. ಇವ್ರು ಇಲ್ಲಿ ಮಿಣಕ್ ಮಿಣಕ್ ಮಾಡ್ತಿದ್ರೆ ನಾ ಎಂತ ಆರತಿ ಎತ್ಲಾ?” ಎಂದು ನನ್ನನ್ನು ಕೇಳಿದಳು. ಮಾಸ್ತರರು ಹೇಳಿದ ಚುಕ್ಕೆ ಉಂಗುರವನ್ನು ತನ್ನ ಕಣ್ಣಿಂದ ನೋಡಿದ ಹೊರತು ತಾನೂ ನಂಬುವುದಿಲ್ಲ, ತನ್ನ ಕೇರಿಯೂ ನಂಬುವುದಿಲ್ಲ ಎಂದಳು.

ಇದರ ಮೇಲಿಂದ ಫೌಜದಾರ ಸಾಹೇಬರು ಡಾಕ್ಟರರ ಸಾಗಾಟವನ್ನು ಒಂದು ದಿನ ತಡೆದು ಈ ರೀತಿ ಠರಾಯಿಸಿದ್ದಾರೆ. ನಾಳೆ ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಸಾಹೇಬರೂ ಹೊನ್ನಮ್ಮನೂ ತೆಂಕಣ ದಂಡೆಯಲ್ಲಿ ದುರ್ಬೀನಿಗೆ ಕಣ್ಣಿಟ್ಟು ಕೂರುವುದು. ಬಡಗಣ ದಂಡೆಯಲ್ಲಿ, ಅದೇ ಜಾಗದಲ್ಲಿ, ಒಬ್ಬನು ಬೇರೆ ಗುಂಡು ಮತ್ತು ಕೊಡೆ ಹಿಡಿದು ನಿಲ್ಲುವುದು. ನಕ್ಷತ್ರ ಕಂಡರೆ ಡಾಕ್ಟರರನ್ನು ಬಿಡುವುದು. ಡಾಕ್ಟರರಿಗೆ ಎದ್ದು ನಿಲ್ಲುವ ಶಕ್ತಿಯಿಲ್ಲ. ಯಾರು ನಿಲ್ಲುತ್ತೀರಿ ಎಂದು ಸಾಹೇಬರು ಕೇಳಿದರು. ಈ ಕೋಣೆಯಲ್ಲಿ ಗುಂಡು ಹಿಡಿಯಲು ಬರುವವನು ನಾನೊಬ್ಬನೇ ಇದ್ದೆ. ನಿಲ್ಲುತ್ತೇನೆಂದೆ.

ತದಡಿಯ ಬದಿಗೆ ಒಬ್ಬ ಪೊಲೀಸನನ್ನು ಕೊಡಬೇಕೆಂದು ಬೇಡಿಕೊಂಡೆ. ಇದ್ದರೆ ಕೊಡುವುದಾಗಿ ಸಾಹೇಬರು ಹೇಳಿದ್ದಾರೆ.

ಇದಲ್ಲದೆ ನನ್ನದೊಂದು ವಿನಂತಿಯನ್ನು ಬರೆದುಕೊಳ್ಳಬೇಕು. ನಾಳೆ ಆ ದಂಡೆಯಲ್ಲಿ ನಡೆಯುವುದೆಲ್ಲ ಸಾಹೇಬರಿಗೆ ತಲೆಕೆಳಗಾಗಿ ಕಾಣುತ್ತದೆ, ಸದ್ದಿಲ್ಲದೆ ಕಾಣುತ್ತದೆ, ನೋಡುವವರಿಗೆ ಅದು ಬೇರೆ ಯಾವುದೋ ಲೋಕದಲ್ಲಿ ನಡೆದಂತೆ ಇರುತ್ತದೆ. ಅದು ಇಲ್ಲಿಯೇ, ಆರುನೂರು ಗಜದಲ್ಲಿ ನಡೆಯುತ್ತಿರುತ್ತದೆ. ನನ್ನ ಸುತ್ತ ಜನ ಕೂಡಿದ್ದು ಕಂಡ ಕೂಡಲೆ ಕಣ್ಣು ತೆಗೆದು ದೋಣಿ ಬಿಡಿಸಬೇಕು.

ರೈಟರ್ ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಕಂಡದ್ದು, ಮಾಡಿದ್ದು, ಮಾಡದೆ ಕುಳಿತದ್ದು ಎಲ್ಲವೂ ಇದರಲ್ಲಿ ಇದ್ದ ಹಾಗೆಯೇ ಇದೆ; ಕೂಡಿಸಿದ್ದಿಲ್ಲ, ಕಳೆದದ್ದಿಲ್ಲ.

ಸ್ಥಳ: ಕುಮಟಾ
ತಾರೀಖು: ೧೩ ಏಪ್ರಿಲ್ ೧೯೪೨, ಸೋಮವಾರ

(ಸಹಿ) ಮಾ. ದೇ. ನಾಯಕ
ನನ್ನ ಎದುರು: ಫೌಜದಾರ, ಕುಮಟಾ