ಬೆರಕೆಯ ಮದ್ದು

ಬೆಳಿಗ್ಗೆ ಹತ್ತೂವರೆ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಬ್ಬಾಕೆ ಡ್ರಿಪ್‌ಗಾಗಿ ಕಾಯುತ್ತ ಮಲಗಿದ್ದಳು. ಹಾಕಲು ಗಂಡ ಬಿಡಲಿಲ್ಲ.

ಗಂಡ ಯಾರು? ಒಂದೂರಿನ ತುಪ್ಪದ ವ್ಯಾಪಾರಿ. ಶ್ರೀಮಂತ. ಮೂವತ್ತು ವರ್ಷದಲ್ಲಿ ಒಂದು ಚಮಚ ಡಾಲ್ಡಾ ಬೆರೆಸಿದವನಲ್ಲ. ಊರವರು ಅವನನ್ನು 'ಬೆರಕಿ ಇಲ್ಲದ ಸಾವಕಾರ' ಎಂದೇ ಕರೆಯುತ್ತಿದ್ದರು. ನೋಡಿ, ಒಳ್ಳೆಯ ಗುಣ. ಆ ಗುಣವೇ ಅವತ್ತು ಅಡ್ಡ ಬಂತು.

ಔಷಧಿಯ ಚೀಟಿ ಓದಿ ನರ್ಸ್‌ಗೆ ಹೇಳಿದ: "ಇದರಾಗ ಪ್ರೊಟೀನ್ ಕೂಡಿಸ್ಯಾರಲ್ಲ ತಂಗಿ. ನನ್ನ ಹೇಣ್ತಿಗೆ ಬೆರಕಿ ಮದ್ದು ಬ್ಯಾಡ. ಅಸಲಿ ಅಷ್ಟ ಕೊಡು."

ನರ್ಸ್ ನಕ್ಕಳು. "ಅಸಲಿ ಒಂದ ಇದ್ರ ಬೆಳಕಿಗೆ, ಬಿಸಿಗೆ ಕೆಟ್ಟ ಹೋಗತೈತ್ರಿ ಸಾವಕಾರ್ರ. ಪ್ರೊಟೀನ್ ಅದನ್ನ ಉಡಿಯೊಳಗ ಇಟ್ಕೊಂಡು ಕಾಯತೈತಿ."

"ರೋಗ ಕೊಲ್ಲೂದು ಯಾವ್ದು?"

"ಮದ್ದು."

"ಮತ್ತ ಪ್ರೊಟೀನ್?"

"ಅದು ಕೊಲ್ಲೂದಿಲ್ರಿ. ಜೋಡಿ ಇರತೈತಿ, ಅಷ್ಟ."

ವ್ಯಾಪಾರಿ ಒಪ್ಪಿದ. "ಆತು, ಹಾಕು. ನಾ ಅಂಗಡಿಗೆ ಹೋಗಿ ಸಂಜೀಕ ಬರ್ತೇನಿ. ಇಲ್ಲಿ ಕುಂತು ಏನ್ ಮಾಡ್ಲಿ, ನಾ ಏನ್ ಡಾಕ್ಟರ?"

ಹೆಂಡತಿ ಅವನ ಅಂಗಿಯ ತುದಿ ಹಿಡಿದಳು. "ಅಂಥಾ ಗಟ್ಟಿ ಮದ್ದಿಗೇ ಒಂದು ಜೋಡಿ ಬೇಕಂತ. ನಾ ಒಬ್ಬಾಕೀನ ಇರಬೇಕೇನ್ರಿ? ನಿನ್ನಿಯಿಂದ ಹೆದರೇನಿ."

ಕಥೆ ನಾನು ಕಟ್ಟಿದ್ದು. ಆದರೆ ಅಂಥ ಔಷಧಿ ಇರುವುದು ನಿಜ. ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ರೋಗ ಕೊಲ್ಲುವ ಆ ತೀಕ್ಷ್ಣವಾದ ಅಣುವನ್ನೂ ಅದನ್ನು ಕಾಯುವ ಪ್ರೊಟೀನನ್ನೂ ತಾನೇ ತಯಾರಿಸುತ್ತದೆ. ಕಣ್ಣಿಗೆ ಕಾಣದ ಜೀವಿ ಮಾಡುವುದನ್ನು ನಾವು ಮಾಡುತ್ತೇವೆಯೇ? ದೊಡ್ಡ ಡಾಕ್ಟರನ್ನು ಹುಡುಕುತ್ತೇವೆ, ಆಸ್ಪತ್ರೆಗೆ ಸೇರಿಸುತ್ತೇವೆ, ಹೊರಟುಬಿಡುತ್ತೇವೆ. ನಿಮ್ಮಿಂದ ರೋಗ ವಾಸಿಯಾಗದು, ಸರಿ. ಕೂರಲು ಬರುತ್ತದಲ್ಲ? ನಿಮ್ಮ ಓಣಿಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ನಾಳೆ ಕೇಳಿ ತಿಳಿಯಿರಿ. ಹಣ್ಣು ಕೊಟ್ಟು ಬಾಗಿಲಿನಿಂದಲೇ ಮರಳಿ ಬರಬೇಡಿ. ಕೂರಿ. ಒಂದು ಗಂಟೆ ಕೂರಿ. ಉಪದೇಶ ಮಾಡಬೇಡಿ, ಅದಕ್ಕೆ ನಾನಿದ್ದೇನೆ.

ಮುಂದೇನಾಯಿತು ಎನ್ನುತ್ತೀರಿ. ಆಕೆಗೆ ಒಟ್ಟು ಆರು ಸಲ ಡ್ರಿಪ್ ಹಾಕಿದರು. ಆರು ಸಲವೂ ವ್ಯಾಪಾರಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ.