ಮೂಲೆ ಸೈಟು

...ಅಲ್ಲ ಕಣಕ್ಕ, ಗೇಟಲ್ಲಿ ಆ ವಾಚ್‌ಮನ್ನು ಕೇಳ್ದ ಅಂತ ನೀನ್ಯಾಕೆ ಬೇಜಾರು ಮಾಡ್ಕತೀಯ. ಅವ್ನು ಎಲ್ರುನೂ ಕೇಳ್ತಾನೆ. ಮೊನ್ನೆ ಸೊಪ್ಪು ತಕ್ಕಂಡು ಬತ್ತಿದ್ರೆ ನನ್ನೇ ಕೇಳ್ದ, ಯಾವ ಮನೆ, ಯಾರ್ನ ನೋಡ್ಬೇಕು ಅಂತ. ನಮ್ಮನೆಗೇ ಕಣಪ್ಪ, ನನ್ನೇ ನೋಡ್ಬೇಕು ಅಂದೆ. ...ನಗ್ಬ್ಯಾಡ, ನಿಜ್ವಾಗ್ಲೂ. ಬಾ, ಕೂತ್ಕೊ. ನೆಲದ ಮೇಲೆ ಬ್ಯಾಡ, ಕೈ ಮುರ್ಕಂಡಿದ್ದೀಯ, ಆಮೇಲೆ ಏಳಕ್ಕಾಗಾಕಿಲ್ಲ. ಈ ಸೋಫಾ ಮೇಲೆ ಕೂತ್ಕೊ. ನಿನ್ನ ತಂಗಿ ಮನೆ ಕಣಕ್ಕ, ಯಾರ್ದೋ ಮನೆ ತರ ಅಂಚ್ಗೆ ಕೂತಿದ್ದೀಯಲ್ಲ.

ಮೆಲ್ಲಕ್ಕೆ ಮಾತಾಡನ. ಒಳಗೆ ಪವಿತ್ರ ಮೊಗ ಮನಗಿಸ್ತಾವ್ಳೆ. ಮೂರು ತಿಂಗ್ಳು ತುಂಬ್ತು, ಮಧ್ಯಾನ ಒಂದು ಗಳಿಗೆ ಕಣ್ಮುಚ್ಚದೇ ಅಪರೂಪ.

ಎಂಗದೆ ಕೈ? ಬೆಳ್ಳು ಆಡ್ಸು ನೋಡನ. ಊತ ಇನ್ನೂ ಇಳ್ದಿಲ್ಲ. ಈ ಸಿಮೆಂಟು ಕಟ್ಟು ಇನ್ನೂ ಎಷ್ಟು ದಿನ ಇರ್ಬೇಕಂತೆ? ...ಒಂದೂವರೆ ತಿಂಗ್ಳಾ. ಅಲ್ಲೀಗಂಟ ಆಲು ಕರೆಯೋರ್ಯಾರು? ...ಎಡಗೈಲಾ. ಎಡಗೈಲಿ ಎರಡು ಹಸಿನ ಆಲು ಕರ್ದು ಡೈರಿಗೂ ನೀನೇ ಓಗ್ತೀಯ.

ನಾನು ಬರ್ಬೇಕಿತ್ತು. ಉಲ್ಲಿನ ಒರೆ ಒತ್ಕಂಡು ನಾಲೆ ಏರಿ ಮೇಲಿಂದ ಜಾರ್ಬಿದ್ದೆ ಅಂತ ನಮ್ಮನೆಯೋರು, ನಿನ್ನ ಮೈದ ಬಂದು ಯೋಳಿದ ದಿವ್ಸನೇ ಬರ್ಬೇಕಿತ್ತು. ಬಾಣಂತಿ ಬುಟ್ಟು ಬರಕ್ಕಾಗ್ನಿಲ್ಲ ಕಣಕ್ಕ. ...ಅಂಗೆ ನೋಡ್ಬ್ಯಾಡ. ನಿನ್ನ ಮನೆ ಅರ್ಧ ಮೈಲಿ ಇಲ್ಲ, ಗೊತ್ತು ನಂಗೆ. ಆ ಏರಿ ಮೇಲೆ ಯಾಕೆ ಬರಕ್ಕೋದೆ ಅಂತ ಕೇಳನ ಅಂತಿದ್ದೆ. ಇನ್ನೆಲ್ಲಿ ಬತ್ತೀಯ, ಅದೂ ಸರಿ. ನಿನ್ನ ಗದ್ದೆಗೆ ಮೂರು ಕಡೆ ಈ ಲೇಔಟಿನ ಗೋಡೆ, ಒಂದು ಕಡೆ ನಾಲೆ. ಒಂದಾಳು ನಡಿಯೋವಷ್ಟು ಏರಿ ಬುಟ್ರೆ ಇನ್ನೇನು ಅದೆ.

ಕಾಫಿ ಕುಡಿ. ಪಾಕೀಟು ಆಲಿಂದು, ನಿಂಗೆ ಇಡಿಸಾಕಿಲ್ಲ ಅಂತ ಗೊತ್ತು. ಇಲ್ಲಿ ಹಸ ಕಟ್ಟಂಗಿಲ್ಲ, ಸೌದೆ ಒಲೆ ಅಚ್ಚಂಗಿಲ್ಲ. ಬಂದ ವಾರವೇ ರೋಡಲ್ಲಿ ರಾಗಿ ಒಣಗಾಕಿದ್ದೆ. ಎದುರುಮನೆ ಮೈಸೂರ್ನೋರು ಪೋಟೋ ತೆಗ್ದು ಇಡೀ ಲೇಔಟಿನೋರ ಪೋನಿಗೆ ಕಳಿಸ್ಬುಟ್ರು. ಪವಿತ್ರ ತೋರ್ಸುದ್ಲು. ನಾನು ಬಗ್ಗಿ ರಾಗಿ ಕೆದುಕ್ತಾ ಇವ್ನಿ, ನನ್ನ ಬೆನ್ನು ಕಾಣ್ತದೆ, ಕೆಳಗೆ ಏನೋ ಇಂಗ್ಲೀಷಲ್ಲಿ ಬರ್ದವ್ರೆ. ಏನು ಬರ್ದವ್ರೆ ಅಂತ ಮಗಳು ಯೋಳ್ನಿಲ್ಲ, ನಾನೂ ಕೇಳ್ನಿಲ್ಲ. ಅವತ್ತಿಂದ ಆಚೆಗೆ ಓಗದೇ ಕಮ್ಮಿ. ನಿನ್ನ ಮೈದ ಏನು, ಎದ್ದೇಟ್ಗೆ ಊರೊಳಕ್ಕೆ ಓಯ್ತಾರೆ, ಅಳ್ಳಿಕಟ್ಟೆ ಮೇಲೆ ಕೂತಿದ್ದು ಊಟಕ್ಕೆ ಬತ್ತಾರೆ. ನಾನು ಈ ಕಿಟಕೀಲಿ ನಿಂತ್ಕಂಡು ಎಷ್ಟು ಕಾರು ಓದೊ ಅಂತ ನೋಡ್ತೀನಿ.

ನೀನೇ ಗಟ್ಟಿಗಿತ್ತಿ ಬುಡಕ್ಕ. ನಮ್ಮದೆಲ್ಲ ಕೊಟ್ಬುಟ್ವಿ, ನೀನು ಮಾತ್ರ ಕೊಡಾಕಿಲ್ಲ ಅಂತ ಕೂತೆ. ಲೇಔಟಿನ ಆ ದಿಲೀಪ ನಿನ್ನ ಬಾಗ್ಲಿಗೆ ಎಷ್ಟು ಸಲ ಅಲೆದ. ನನ್ನ ಗಂಡನ ಮಣ್ಣು ಮಾಡಿರೋ ಗದ್ದೆ, ಎಂಗೆ ಕೊಡ್ಲಿ ಅಂದೆ ನೀನು. ಅವ್ನು ಸುಮ್ಕೆ ಓದ. ನಾವೂ ಬಾವನ ಗುಡ್ಡೆ ನಿನ್ನ ಪಾಲಿಗೇ ಇರ್ಲಿ ಅಂತ ಸುಮ್ಕಾದ್ವಿ. ಸುತ್ತ ಗೋಡೆ ಏಳ್ತದೆ ಅಂತ ಯಾರಿಗೆ ಗೊತ್ತಿತ್ತು.

ಅದೇನದು, ಸೆರಗೊಳಗೆ? ...ಪೇಪರ್ರಾ. ತಾಲ್ಲೂಕಾಫೀಸಿಂದಾ? ಈ ಕೈ ಕಟ್ಕಂಡು ಶ್ರೀರಂಗಪಟ್ಟಣಕ್ಕೆ ಓಗಿದ್ದಾ? ಒಬ್ಳೇ? ಬಸ್ಸಲ್ಲಿ ಜಾಗ ಸಿಕ್ತಾ, ನಿಂತ್ಕಂಡೇ ಬಂದ್ಯಾ. ಒಂದು ಮಾತು ಯೋಳಿದ್ರೆ ನಾನೂ... ಏನಿಲ್ಲ ಬುಡು.

ನಾನು ಓದ್ಬೇಕಾ?

ಓದನ ಬುಡು, ಏನವಸ್ರ. ಕನ್ನಡಕ ಎಲ್ಲಿ ಮಡಗಿದ್ನೋ. ...ತಲೆ ಮೇಲಾ. ಊಂ, ಇಲ್ಲೇ ಅದೆ. ನಂಗೂ ಈಗ ಸಣ್ಣಕ್ಷರ ಸರ್ಯಾಗಿ ಕಾಣಾಕಿಲ್ಲ ಕಣಕ್ಕ. ಅಪ್ಪ ನನ್ನ ಏಳನೇ ಕ್ಲಾಸ್ಗಂಟ ಓದ್ಸುದ್ರು, ನಿನ್ನ ದನ ಕಾಯಕ್ಕೆ ಬುಟ್ರು, ಅದಕ್ಕೆ ನೀನು ಕಾಗ್ದ ಬಂದಾಗೆಲ್ಲ ನನ್ನ ಅತ್ರ ತತ್ತೀಯ. ಈಗ ನಂಗೂ ಮರ್ತೋಗದೆ. ಈಗ ಇಲ್ಲಿ... ಸ್ಥಳ ತನಿಖೆ ಮಹಜರು ಅಂತ ಅದೆ. ಲೇಔಟು ಆಗಕ್ಕೆ ಮುಂಚೆ ಸರ್ವೆಯೋರು ಬಂದು ಜಾಗ ನೋಡಿ ಬರ್ಕಂಡೋದ್ರಲ್ಲ, ಅದು. ಉತ್ತರಕ್ಕೆ ಯಾರ ಜಮೀನು, ಪೂರ್ವಕ್ಕೆ ಯಾರ ಜಮೀನು, ದಕ್ಷಿಣಕ್ಕೆ ನಾಲೆ. ಬರೀ ನಂಬ್ರು ಕಣಕ್ಕ. ಇದ್ರಲ್ಲಿ ನಿಂಗೆ ಬೇಕಾಗಿರೋದು ಏನೂ ಇಲ್ಲ. ಇಡ್ಕೊ, ಜ್ವಾಪಾನ ಮಡಿಕೊ.

...ಇಂದ್ಗಡೆನಾ. ಇಂದ್ಗಡೆ ಸೀಲು ಆಕವ್ರೆ ಅಷ್ಟೆ. ...ಓದ್ತೀನಿ, ಓದ್ತೀನಿ. ತಿರುಗ್ಸಬ್ಯಾಡ, ಆ ಕೈ ನೋಯ್ತದೆ.

ಓಣಿ ವಿಚಾರ ಬರ್ದವ್ರೆ. ನಾಳೆ ಸಾಹೇಬ್ರ ಮುಂದೆ ವಿಚಾರಣೆಗೆ ಬರಕ್ಕೆ ಯೋಳವ್ರಾ? ಅದಕ್ಕೆ ಈಸ್ಕಂಡು ಬಂದ್ಯಾ. ನಮ್ಮ ಗಾಡಿ ಓಗ್ತಿದ್ದ ಓಣಿ ಇತ್ತು, ಮುಚ್ಚಾಕವ್ರೆ, ಬುಡಿಸ್ಕೊಡಿ ಅಂತ ನೀನು ಅರ್ಜಿ ಕೊಟ್ಟಿದ್ದು. ಇದ್ರಲ್ಲಿ ಏನದೆ ಅಂದ್ರೆ... ಅಂಗೊಂದು ದಾರಿ ಇಲ್ಲ ಅಂತ ಅಕ್ಕಪಕ್ಕದ ಜಮೀನಿನೋರು ಯೋಳವ್ರೆ ಅಂತ ಅದೆ. ಸುಳ್ಳು ಕಣಕ್ಕ, ಸುಳ್ಳು ಬರ್ದವ್ರೆ.

ಯಾರು ಯೋಳವ್ರೆ ಅಂತ... ಜೆರಾಕ್ಸು ಮಸಿ ಆಗದೆ. ಯಾರ್ದೋ ರುಜು. ಕೃಷ್ಣಂದಿರ್ಬೇಕು. ಆ ತುದಿ ಗದ್ದೆ ಮಾರ್ಬುಟ್ಟು ಪಾಂಡವಪುರದ ಕಡೆ ಓಗಿ ಸೇರ್ಕಂಡ್ನಲ್ಲ, ಆ ಕೃಷ್ಣ. ಅವ್ನು ಮೊದ್ಲಿಂದಲೂ ಅಂಗೇ. ಕೈಗೆ ಏನಾರ ಬತ್ತದೆ ಅಂದ್ರೆ ಎಲ್ಲಿ ಬೇಕಾದ್ರೂ ರುಜು ಆಕ್ತಾನೆ. ಈಗ ಅವ್ನ್ನ ಎಲ್ಲೀಂತ ಉಡುಕ್ತೀಯ.

ಯಾಕಕ್ಕ, ಕಾಫಿ ಕೆಳಕ್ಕೆ ಮಡಗ್ಬುಟ್ಟೆ?

ಬಿಸಿ ಸಾಲ್ದಾ. ಕಾಯ್ಸಿ ತತ್ತೀನಿ, ಇರು. ...ಸೆರಗು ಬುಡು. ಬುಡಕ್ಕ, ಕೂತ್ಕತೀನಿ.

ಏನು, ಏನು ತೋರಿಸ್ತೀಯ? ಈ ಗೆರೆ? ನೀಲಿ ಪೆನ್ನಲ್ಲಿ ಯಾರೋ ಗೆರೆ ಎಳ್ದವ್ರೆ, ಈ ಯೆಸ್ರ ಕೆಳಗೆ...

ಓದ್ಸಿದ್ದೀಯ ನೀನು.

ಆಫೀಸ್ ಮುಂದೆ ಅರ್ಜಿ ಬರ್ಕೊಡ್ತಾನಲ್ಲ, ಅವ್ನ ಕೈಲಿ ಆಗ್ಲೇ ಓದ್ಸಿದ್ದೀಯ. ಓದ್ಸಿ, ಗೆರೆ ಎಳಿಸ್ಕಂಡು, ಬಸ್ಸತ್ತಿ ಇಲ್ಲೀಗಂಟ ಬಂದಿದ್ದೀಯ. ನಾನು ಕೃಷ್ಣ ಅಂದಾಗ್ಲೂ ಸುಮ್ಕೇ ಇದ್ದೆ. ಬೈ ಅಕ್ಕ. ಏನಾರ ಅಂದ್ಬುಡು. ಇಂಗೆ ಕೂತಿದ್ರೆ ನಾನೇನು ಮಾಡ್ಲಿ.

...ಮತ್ತೆ ಓದ್ಬೇಕಾ. ಗೊತ್ತಿದ್ದೂ ನನ್ನ ಬಾಯಲ್ಲೇ ಓದ್ಸಬೇಕಾ. ಊಂ. ಓದ್ತೀನಿ. "ಸದರಿ ಜಮೀನುಗಳ ಮಧ್ಯೆ ಯಾವುದೇ ಬಂಡಿದಾರಿಯಾಗಲಿ ಕಾಲುದಾರಿಯಾಗಲಿ ಹಿಂದಿನಿಂದಲೂ ಇರುವುದಿಲ್ಲವೆಂದು ತಿಳಿಸಿ, ಓದಿ ನೋಡಿ ಸರಿಯಾಗಿದೆಯೆಂದು ಒಪ್ಪಿ ಸಹಿ ಮಾಡಿರುತ್ತಾರೆ. ಚಲುವಮ್ಮ ಕೋಂ ಶಿವಲಿಂಗಯ್ಯ."

ನಾನೇ ಕಣಕ್ಕ.

ನಿನ್ನ ಮೈದಂಗೆ ಗೊತ್ತಿಲ್ಲ, ಅವ್ರನ್ನ ಏನೂ ಅನ್ಬ್ಯಾಡ. ಅವತ್ತು ಅವ್ರು ನಾಗಮಂಗಲಕ್ಕೆ ಮದ್ವೆಗೆ ಓಗಿದ್ರು. ದಿಲೀಪ ನಕ್ಷೆ ತಂದು ಜಗ್ಲಿ ಮೇಲೆ ಹಾಸ್ದ. ನೋಡವ್ವ, ಮೂಲೆ ಸೈಟು ನಿಮ್ಮ ಮಗಳ ಯೆಸ್ರಿಗೆ ಬರ್ದಿವ್ನಿ, ಎರಡು ಕಡೆ ರೋಡು ಅಂದ. ಆಮೇಲೆ ಬೆಳ್ಳು ಇಟ್ಟು ತೋರಿಸ್ದ. ಇಲ್ಲಿ ಓಣಿ ಅದೆ ಅಂತ ನೀವಂದ್ರೆ ಈ ಸೈಟು ಓಯ್ತದೆ, ಇಲ್ಲ ಅಂದ್ರೆ ಉಳೀತದೆ, ನಿಮ್ಮಿಷ್ಟ ಅಂದ. ಜೋರಾಗಿ ಮಾತಾಡ್ನಿಲ್ಲ, ಎದ್ರುಸ್ನಿಲ್ಲ. ಜಗ್ಲಿ ಮೇಲೆ ಕೂತ್ಕಂಡು ನಾನು ಕೊಟ್ಟ ಮಜ್ಜಿಗೆ ಕುಡೀತಾ ಇದ್ದ.

ಪವಿತ್ರ ಆಗ ಬೂಕನಕೆರೆಯಿಂದ ಬಂದು ವಾರ ಆಗಿತ್ತು. ನಿಂಗೆ ಗೊತ್ತಲ್ಲ. ಅತ್ತೆ ಮನೆ ಬಾಗ್ಲು ತುಳಿಯಾಕಿಲ್ಲ, ಬೇಕಾರೆ ಗಂಡನೇ ಇಲ್ಲಿಗೆ ಬರ್ಲಿ, ಇಲ್ಲೇ ಎಲ್ಲಾರ ಬಿದ್ದಿರ್ತೀನಿ ಅಂತ ನಿನ್ನ ತೊಡೆ ಮೇಲೆ ತಲೆ ಮಡಗಿ ಅಳ್ತಿದ್ಲು. ನೀನೇ ಅಂದೆ, ಆ ಮಗೀಗೆ ಅಂತ ಒಂದು ಸೂರು ಮಾಡ್ರೇ ಅಂತ. ...ನಿನ್ನ ಮೇಲೆ ಆಕ್ತಿಲ್ಲ ಕಣಕ್ಕ. ನೀನು ಅಂದಿದ್ದು ಒಂದು, ನಾನು ಮಾಡಿದ್ದು ಒಂದು. ಸರ್ವೆಯೋರು ಬಂದು, ಇಲ್ಲಿ ದಾರಿ ಏನಾರ ಅದಾ ಅಮ್ಮ ಅಂತ ಕೇಳುದ್ರು. ನಾನು ಆ ಓಣಿ ಮಧ್ಯೆನೇ ನಿಂತಿದ್ದೆ. ಗಾಡಿ ಚಕ್ರದ ಜಾಡು ಎರಡೂ ಕಡೆ ಕಾಣ್ತಿತ್ತು. ಮಳೆ ನೀರು ಅರ್ದಿರೋದು ಅಂದೆ.

ಈ ಮನೆ ನಿಂತಿರೋದೇ ಅದ್ರ ಮೇಲೆ, ಅದೂ ಗೊತ್ತಾ ನಿಂಗೆ? ...ಬಂದೇಟ್ಗೆ ಗೊತ್ತಾಯ್ತಾ. ಊಂ, ನಿಂಗೆ ಗೊತ್ತಾಗ್ದೆ ಇರ್ತದಾ. ನಾವಿಬ್ರೂ ಮದ್ವೆಯಾಗಿ ಒಂದೇ ಗಾಡೀಲಿ ಬಂದ ಓಣಿ. ಬಾವನ್ನ ಒತ್ಕಂಡು ಗದ್ದೆಗೆ ಓಗಿದ್ದೂ ಇದ್ರಲ್ಲೇ. ನೀನು ಇಂದೆ ಬತ್ತಿದ್ದೆ, ನಾನು ನಿನ್ನ ರಟ್ಟೆ ಇಡ್ಕಂಡಿದ್ದೆ. ಈ ಹಾಲಿಗೆ ಟೈಲ್ಸು ಆಕೊವತ್ಗೆ ನಾನು ಒಳಕ್ಕೆ ಬರ್ನಿಲ್ಲ ಅಕ್ಕ. ಎಲ್ಲಾ ಮುಗುದ್ಮೇಲೆ ಬಂದೆ. ಆದ್ರೂ ಬಚ್ಚಲಿಗೆ ಓಗ್ಬೇಕಾರೆ ಈ ಜಾಗ ಬಂತು ಅಂದ್ರೆ ಪಕ್ಕಕ್ಕೆ ಸರ್ಕಂಡು ಓಗ್ತೀನಿ. ಯಾಕವ್ವ ಅಂತಾಳೆ ಪವಿತ್ರ. ಜಾರ್ತದೆ ಅಂತೀನಿ.

ನೀನು ಏರಿ ಮೇಲಿಂದ ಬಿದ್ದಾಗ ನಾನು ಬರ್ನಿಲ್ಲ ಅಂದ್ನಲ್ಲ, ಮೊಗಿಗೋಸ್ಕರ ಅಲ್ಲ. ನಿನ್ನ ಮಖ ಎಂಗೆ ನೋಡ್ಲಿ ಅಂತ.

ಒಂದು ಕೆಲ್ಸ ಮಾಡನ ಅಕ್ಕ. ಇಂದ್ಗಡೆ ಗೋಡೇಲಿ ಒಂದು ಬಾಗ್ಲು ಇಡುಸ್ತೀನಿ, ಚಿಕ್ಕದು. ಯಾರ್ಗೂ ಗೊತ್ತಾಗಾಕಿಲ್ಲ. ನೀನು ಮುಂದಿನ ಬಾಗ್ಲಲ್ಲಿ ಬಂದು ನಮ್ಮನೆ ಒಳಗಿಂದ ಗದ್ದೆಗೆ ಓಗು. ಬೆಳಿಗ್ಗೆ ಓಗು, ಸಂಜೆ ಬಾ, ನಾನು ಬಾಗ್ಲು ತಕ್ಕೊಡ್ತೀನಿ. ಮಾರ್ಲಾಮಿ ಅಬ್ಬಕ್ಕೆ ಬಾವನ ಗುಡ್ಡೆಗೆ ಪೂಜೆ ಮಾಡಕ್ಕೆ ಎಲ್ರೂ ಇಲ್ಲಿಂದ್ಲೇ ಓಗನ. ...ಹಸ? ಹಸಗಳ್ನ ಎಂಗೆ... ಗೊಬ್ಬರದ ಗಾಡಿ... ಊಂ. ಏನೋ ಮಾತಾಡ್ತಾ ಇವ್ನಿ ಬುಡು.

ನಾಳೆ ಎಷ್ಟೊತ್ಗೆ ಓಗ್ಬೇಕು? ನಾನೂ ಬತ್ತೀನಿ. ಅತ್ತು ಗಂಟೆ ಬಸ್ಸಿಗೆ ಸ್ಟಾಪಿಗೆ ಬತ್ತೀನಿ. ಸ್ವಾಮಿ, ಅವತ್ತು ಗೊತ್ತಿಲ್ದೆ ರುಜು ಮಾಡ್ದೆ, ಓಣಿ ಇದ್ದಿದ್ದು ನಿಜ ಅಂತ ನಿನ್ನ ಪಕ್ಕದಲ್ಲೇ ನಿಂತು ಯೋಳ್ತೀನಿ. ಆಮೇಲೆ ಅವ್ರು ಅಳತೆಗೆ ಬತ್ತಾರೆ. ಬಂದು ಇಲ್ಲಿಂದ... ಈ ಗೋಡೆಯಿಂದ ಆ ರೂಮಿನ ಗೋಡೆಗಂಟ ಟೇಪು ಇಡೀತಾರೆ.

ಮೊಗ ಮನಗಿರೋ ರೂಮು ಅಕ್ಕ ಅದು.

ಏನಾರ ಮಾತಾಡು. ಬರ್ಬ್ಯಾಡ ಅಂತಾರ ಅನ್ನು. ನೀನು ಬರ್ಬ್ಯಾಡ ಕಣೇ, ನಿನ್ನ ಮಗಳು ಇದೇ ಮನೇಲಿರ್ಲಿ ಅಂತ ಒಂದು ಸಲ ಅಂದ್ಬುಡು, ನಿನ್ನ ಕಾಲು ಇಡ್ಕತೀನಿ.

...ಅನ್ನಾಕಿಲ್ಲ ಅಲ್ವಾ.

ಸರಿ. ನಾನೇ ಯೋಳ್ಬುಡ್ತೀನಿ, ಬಸ್ ಸ್ಟಾಪಲ್ಲಿ ನೀನು ಸುಮ್ಕೆ ಕಾಯ್ಬ್ಯಾಡ. ನಾನು ಬರಾಕಿಲ್ಲ. ಅವ್ರೇ ಕರುಸ್ಕಂಡು ಕೇಳುದ್ರೂ ಓಣಿ ಇರ್ನಿಲ್ಲ ಅಂತ್ಲೇ ಯೋಳ್ತೀನಿ. ನಿನ್ನ ಮುಂದೆನೇ ಯೋಳ್ತೀನಿ ಅಕ್ಕ. ನೀನು ಇಂಗೇ ನೋಡ್ತಾ ಕೂತಿದ್ರೂ ಯೋಳ್ತೀನಿ.

ಏಳ್ತಾ ಇದ್ದೀಯ? ಊಟ ಮಾಡ್ಕಂಡು... ಊಂ, ಬ್ಯಾಡ. ಈಸ್ಕೊ, ನಿನ್ನ ಪೇಪರ್ರು ಇಲ್ಲೇ ಅದೆ, ನಾಳೆ ಬೇಕಲ್ಲ. ಮೆಟ್ಲು ನೋಡ್ಕಂಡು ಇಳಿ, ಕೈ ತಾಗೀತು. ಚಪ್ಲಿ ನಾನು ತತ್ತೀನಿ, ಬಗ್ಗಬ್ಯಾಡ.

ಅಕ್ಕ, ಎತ್ಲಾಗೆ ಓಗ್ತಾ ಇದ್ದೀಯ? ಅತ್ಲಾಗೆ ಅಲ್ಲ. ಆ ಕಡೆ ಗೋಡೆ ಅದೆ ಕಣಕ್ಕ... ಗೇಟು ಇತ್ಲಾಗೆ.