ಕಲ್ಲವ್ವ ಬೇಡ ಅನ್ನಲಿಲ್ಲ

ಎಲ್ಲರಿಗೂ ನಮಸ್ಕಾರ. ಕಲ್ಲವ್ವನವರ ಯಜಮಾನರಾದ ಈರಬಸಪ್ಪನವರೇ, ಅವ್ವನನ್ನು ಕಳೆದುಕೊಂಡ ಶಿವಾನಿಯಕ್ಕ, ಊರು ಬಿಟ್ಟು ದುಡಿಯಲು ಬಂದು ಭೋಸರಿಯ ಈ ವಸ್ತಿಯಲ್ಲಿ ಮನೆ ಕಟ್ಟಿಕೊಂಡ ಹಿರಿಯರೇ, ಕಲ್ಲವ್ವನವರ ಜೊತೆ ವರ್ಕ್‌ಶಾಪಿನಲ್ಲಿ ದುಡಿದ ಅಕ್ಕಂದಿರೇ — ಮತ್ತು ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಕಾಲೇಜಿನ ಗುರುಗಳೇ.

ನನ್ನ ಹೆಸರು ಸಿಂಧು. ಸಮಾಜಕಾರ್ಯದ ಪದವಿ ಓದುತ್ತಿದ್ದೇನೆ, ಬಿ.ಎಸ್.ಡಬ್ಲ್ಯೂ., ಮೊದಲ ವರ್ಷ. ಜುಲೈ ತಿಂಗಳಿಂದ ಗುರುವಾರ, ಶುಕ್ರವಾರ ಫೀಲ್ಡ್‌ವರ್ಕಿಗೆ ಇಲ್ಲಿಗೇ ಬರುತ್ತಿದ್ದೇನೆ. ಹಾಸ್ಟೆಲ್ಲಿನಲ್ಲಿ ಬೆಳೆದವಳು, ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷೇ ಇರುತ್ತದೆ. ಆದರೂ ನಮ್ಮ ಬ್ಯಾಚಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಅದಕ್ಕೇ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನಮ್ಮ ವಿಭಾಗದ ಮುಖ್ಯಸ್ಥರು ಪ್ರಲ್ಹಾದ ಸರ್ ಈಗಷ್ಟೇ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಬೇಕು. ಬರೆದೂ ಕೊಟ್ಟಿದ್ದಾರೆ — ಇಗೋ, ಈ ಕಾಗದ.

ಇದನ್ನು ನಾನು ಓದುವುದಿಲ್ಲ. ಇದರಲ್ಲಿ ಒಂದು ಸುಳ್ಳಿದೆ.

ಆ ಸುಳ್ಳನ್ನು ಐದು ನಿಮಿಷದ ಹಿಂದೆ ನೀವೆಲ್ಲ ಕೇಳಿದಿರಿ. “ಆಸ್ಪತ್ರೆಗೆ ಹೋಗಿ ಎಂದು ನಮ್ಮ ವಿದ್ಯಾರ್ಥಿನಿ ಎಷ್ಟು ಹೇಳಿದರೂ ಕಲ್ಲವ್ವ ಒಪ್ಪಲಿಲ್ಲ” ಎಂದರು ಸರ್. ಶಿವಾನಿಯಕ್ಕ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಹಿಂದೆ ಯಾರೋ “ಭಾಳ ಹಟದ ಹೆಂಗಸು” ಅಂದದ್ದೂ ಕೇಳಿಸಿತು. ಆ ವಿದ್ಯಾರ್ಥಿನಿ ನಾನೇ. ನಾನು ಹಾಗೆ ಹೇಳಿರಲೇ ಇಲ್ಲ. ಅವರು ಬೇಡ ಅಂದಿರಲೂ ಇಲ್ಲ.

ಹನ್ನೊಂದು ವರ್ಷ ನಮ್ಮ ಕಾಲೇಜಿನವರಿಗೆ ಈ ವಸ್ತಿ ತೋರಿಸಿದವರು ಕಲ್ಲವ್ವ. ಯಾರ ಮನೆಯಲ್ಲಿ ಈಗ ಜಗಳ ನಡೆದಿದೆ, ಯಾರನ್ನು ಗಂಡ ಇಲ್ಲದಾಗ ಮಾತಾಡಿಸಬೇಕು, ಯಾವ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚುತ್ತದೆ — ನಮ್ಮ ಸಿಲಬಸ್ಸಿನಲ್ಲಿ ಇಲ್ಲದ್ದನ್ನೆಲ್ಲ ಕಲಿಸಿದವರು. ನಮ್ಮ ರಿಪೋರ್ಟುಗಳಲ್ಲಿ ಅವರಿಗೆ ಹೆಸರಿಲ್ಲ. ‘ಕಮ್ಯುನಿಟಿ ರಿಸೋರ್ಸ್’ ಎಂದು ಬರೆಯುತ್ತೇವೆ.

ಮೊದಲ ದಿನ ಸರ್ವೇ ಫಾರ್ಮ್ ಹಿಡಿದು ಕೇಳಿದೆ, “ಆಂಟಿ, ಮನೆಯಲ್ಲಿ ಎಷ್ಟು ಜನ?”

“ಹ್ವಾದ ವರ್ಷದವ್ರೂ ಇದನ್ನ ಕೇಳಿದ್ರು. ಅದರ ಹಿಂದಿನವ್ರೂ ಇದನ್ನ ಕೇಳಿದ್ರು. ಮೂರ ಮಂದಿ ಎಣಸಾಕ ನಿಮ್ಮ ಕಾಲೇಜಿಗೆ ಹನ್ನೊಂದ ವರ್ಷ ಬೇಕೇನವಾ?” — ಹೀಗೆ, ಸೊಂಟದ ಮೇಲೆ ಕೈ ಇಟ್ಟು. “ಮತ್ತ ಆಂಟಿ ಅನಬ್ಯಾಡ. ಆಂಟಿ ಆಗಾಕ ನಾ ಫ್ಲ್ಯಾಟಿನ್ಯಾಗ ಇರಬೇಕು.”

ನಗಿ, ಪರವಾಗಿಲ್ಲ. ಅವರೂ ನಗುತ್ತಿದ್ದರು.

ಈಗ ಆ ಗುರುವಾರದ ಮಾತು. ಸೆಪ್ಟೆಂಬರ್ ಹನ್ನೊಂದು. ವರ್ಕ್‌ಶಾಪಿನಲ್ಲಿ ಕಬ್ಬಿಣದ ಚೂರು ಕಾಲಿಗೆ ಚುಚ್ಚಿ ವಾರವಾಗಿತ್ತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದರು — ಹೆಬ್ಬೆರಳು ಕಪ್ಪಾಗಿತ್ತು. ನಮ್ಮ ವಿಭಾಗದ ಪತ್ರ ತೋರಿಸಿದರೆ ಧರ್ಮಾರ್ಥ ಆಸ್ಪತ್ರೆಯಲ್ಲಿ ಬಡವರಿಗೆ ಹಾಸಿಗೆ ಸಿಗುತ್ತದೆ ಎಂಬುದು ನನಗಿಂತ ಕಲ್ಲವ್ವನವರಿಗೇ ಚೆನ್ನಾಗಿ ಗೊತ್ತಿತ್ತು. ಈ ವಸ್ತಿಯ ಎಷ್ಟೋ ಜನರಿಗೆ ಅವರೇ ಆ ಪತ್ರ ಕೊಡಿಸಿದ್ದರು. ನನಗೆ ಹೇಳಿದ್ದು ಇಷ್ಟು — ಶಿವಾನಿಯಕ್ಕ, ನೀವು ಆಗ ಕೆಲಸಕ್ಕೆ ಹೋಗಿದ್ದಿರಿ, ಈಗ ಕೇಳಿ —

“ನಿಮ್ಮ ಸರ್ ಕಡಿಂದ ಆ ಪತ್ರ ತಂದ ಕೊಡವಾ. ಪತ್ರ ಇಲ್ಲಂದ್ರ ಬಾಗಲದಾಗ ಕೂಡಸ್ತಾರ. ನಾಳೆ ಕೊಟ್ರ ನಾಳೇನ ಹೋಗ್ತೀನಿ.”

ನಾಳೇನ ಹೋಗ್ತೀನಿ ಅಂದರು.

ನಮ್ಮಲ್ಲಿ ಒಂದು ನಿಯಮವಿದೆ. ಮೊದಲ ವರ್ಷದವರು ನೋಡಬೇಕು, ಬರೆಯಬೇಕು, ಏನೂ ಮಾಡುವಂತಿಲ್ಲ. ಕಂಡದ್ದನ್ನು ಡೈರಿಯಲ್ಲಿ ಬರೆದು ಶನಿವಾರ ಒಪ್ಪಿಸಬೇಕು. ಸರ್ ಓದಿ ಸಹಿ ಹಾಕಬೇಕು. ಆಮೇಲೆ ಪತ್ರ. ನಾನು ಬರೆದೆ. ಮರಾಠಿಯಲ್ಲಿ, ಎರಡೂವರೆ ಪುಟ. ‘ಪತ್ರ ಕೇಳಿದ್ದಾರೆ’ ಎಂಬುದರ ಕೆಳಗೆ ಗೆರೆ ಹಾಕಿದೆ. ಸೋಮವಾರ ಹೋಗಿ, ಸರ್, ಅರ್ಜೆಂಟ್ ಅಂದೆ. “ಡೈರೀತ್ ಲಿಹಿಲಂಸ್ ನಾ?” ಅಂದರು. ಡೈರಿಯಲ್ಲಿ ಬರೆದಿದ್ದೀಯಲ್ಲ, ಅಂತ. ಬರೆದಿದ್ದೆ. ಮರುದಿನವೇ ಇಡೀ ವಿಭಾಗ ಗ್ರಾಮೀಣ ಶಿಬಿರಕ್ಕೆ ಹೊರಟಿತು, ನಾನೂ ಹೋದೆ. ಎಂಟು ದಿನ. ಡೈರಿಗಳು ಬೀರುವಿನೊಳಗೆ, ಬೀಗ ಹಾಕಿಕೊಂಡು. ಅಲ್ಲಿ ನಾವು ‘ಸಮುದಾಯದ ದನಿಗೆ ಕಿವಿಗೊಡಿ’ ಅಂತ ಬೀದಿನಾಟಕ ಆಡಿದೆವು.

ಈರಬಸಪ್ಪನವರು ನನಗೆ ಹೇಳಿದರು, ಕಲ್ಲವ್ವ ದಿನಾ ಸಂಜೆ “ಕಾಲೇಜಿನ ಹುಡುಗಿ ಬಂದಿತ್ತೇನ್ರಿ?” ಎಂದು ಕೇಳುತ್ತಿದ್ದರಂತೆ.

ಡೈರಿ ನನ್ನ ಕೈಗೆ ಬಂದದ್ದು ಅವರು ಪತ್ರ ಕೇಳಿ ಹದಿಮೂರನೆಯ ದಿನ. ಅಷ್ಟರಲ್ಲಿ ನೀವೇ ಅವರನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದಿರಿ. ನಂಜು ಮೈಗೆಲ್ಲ ಏರಿತ್ತು. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: ‘ಉತ್ತಮ ಗಮನಿಕೆ. ಕ್ಲೈಂಟಿನ ಭಾವನೆಗಳನ್ನೂ ಬರೆಯಬೇಕಿತ್ತು. ಹತ್ತಕ್ಕೆ ಎಂಟು.’

— ಸರ್, ಸನ್ನೆ ಮಾಡಬೇಡಿ. ನಾನು ಇಳಿಯುವುದಿಲ್ಲ.

ನೀವು ನನ್ನನ್ನೂ ಕೇಳಬಹುದು. ಒಂದು ರಿಕ್ಷಾ ಕರೆದು ನೀನೇ ಕೂರಿಸಿಕೊಂಡು ಹೋಗಲಿಲ್ಲ ಯಾಕೆ? ಶಿಬಿರಕ್ಕೆ ಬರಲ್ಲ ಅನ್ನಲಿಲ್ಲ ಯಾಕೆ? ಕೇಳಬೇಕು. ಫೀಲ್ಡ್‌ವರ್ಕಿನಲ್ಲಿ ಫೇಲಾದರೆ ವರ್ಷ ಹೋಗುತ್ತದೆ ಎಂದು ಹೆದರಿದೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ. ನನ್ನನ್ನು ಬೈಯುವವರು ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಆದರೆ ಕಲ್ಲವ್ವನವರ ಮೇಲೆ ಯಾಕೆ ಹಾಕುತ್ತೀರಿ?

ಕಲ್ಲವ್ವ ತೀರಿಕೊಂಡ ನಾಲ್ಕನೆಯ ದಿನ ಸರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ನಮ್ಮ ಡೈರಿ ಬಿಡಿ ಹಾಳೆಗಳ ಫೈಲು, ಹಾಳೆ ತೆಗೆದು ಬೇರೆ ಸೇರಿಸಬಹುದು. ಮುಂದಿನ ತಿಂಗಳು ತಪಾಸಣೆಗೆ ಜನ ಬರುತ್ತಾರಂತೆ. ಅದೇ ಹನ್ನೊಂದನೆಯ ತಾರೀಖು ಹಾಕಿ ಹೊಸ ಹಾಳೆ ಬರೆ ಅಂದರು. ‘ಆಸ್ಪತ್ರೆಗೆ ಹೋಗಲು ಸಲಹೆ ನೀಡಲಾಯಿತು. ಕ್ಲೈಂಟ್ ನಿರಾಕರಿಸಿದರು.’ “ಜಸ್ಟ್ ಡಾಕ್ಯುಮೆಂಟೇಶನ್, ಬೇಟಾ. ತುಝಾಚ್ ಫಾಯದಾ ಆಹೆ.” ನಿನಗೇ ಒಳ್ಳೆಯದು ಅಂತ.

ಖಾಲಿ ಹಾಳೆ ತಂದು ಹಾಸ್ಟೆಲ್ಲಿನಲ್ಲಿ ಕುಳಿತೆ. ತಾರೀಖು ಹಾಕಿದೆ — ಹೌದು, ತಾರೀಖಿನವರೆಗೆ ಬರೆದೆ. ಮುಂದೆ ಕೈ ಓಡಲಿಲ್ಲ. ನಾನು ಬರೆಯದಿದ್ದರೇನು, ಸರ್ ಇಂದು ಬಾಯಲ್ಲೇ ಹೇಳಿದರು. ಮಗಳ ಎದುರಿಗೆ, ಗಂಡನ ಎದುರಿಗೆ, ಹಾರ ಹಾಕಿದ ಫೋಟೋದ ಪಕ್ಕ ನಿಂತು.

ಹನ್ನೊಂದು ವರ್ಷ ಅವರ ಮನೆಯ ಚಹಾ ಕುಡಿದಿರಿ ಸರ್. ಒಂದು ಪತ್ರ ಕೇಳಿದರು, ಕೊಡಲಿಲ್ಲ. ಸತ್ತ ಮೇಲೆ ಹಟಮಾರಿ ಎಂಬ ಹೆಸರು ಕೊಟ್ಟಿರಿ. ನಿಮಗೆ ನನ್ನ ಕನ್ನಡ ಅರ್ಥವಾಗುತ್ತಿಲ್ಲ ಎಂದು ಗೊತ್ತು. ಅದಕ್ಕೆ ಒಂದು ವಾಕ್ಯ ಮರಾಠಿಯಲ್ಲೇ ಹೇಳುತ್ತೇನೆ. ಕಲ್ಲವ್ವಾಂನೀ ನಕಾರ್ ದಿಲಾ ನವ್ಹತಾ. ಕಲ್ಲವ್ವ ಬೇಡ ಅನ್ನಲಿಲ್ಲ. ಬೇಡ ಅನ್ನಲಿಲ್ಲ. ದಾರಿ ಕಾದರು.

ಶಿವಾನಿಯಕ್ಕ, ಸ್ವಲ್ಪ ಮುಂದೆ ಬನ್ನಿ. ಇವು ಹನ್ನೊಂದನೆಯ ತಾರೀಖಿನ ಮೂಲ ಹಾಳೆಗಳು. ನನ್ನ ಅಕ್ಷರ, ಸರ್ ಅವರ ಕೆಂಪು ಶಾಯಿ, ಅವರ ಸಹಿ. ಕಾಲೇಜಿಗೆ ವಾಪಸ್ ಕೊಡಬೇಕಾದವು — ಕೊಡುವುದಿಲ್ಲ. ನಿಮ್ಮ ಅವ್ವ ಕೇಳಿದ್ದು ಇದರಲ್ಲಿದೆ. ಇಟ್ಟುಕೊಳ್ಳಿ. ನಾಳೆ ನನ್ನನ್ನು ಕಾಲೇಜಿನಿಂದ ತೆಗೆದರೂ ಇದನ್ನು ಬರೆದವಳು ನಾನೇ ಎಂದು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ.

ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಸರ್, ನೀವೂ. ಕಲ್ಲವ್ವನವರಿಗಾಗಿ ಎರಡು ನಿಮಿಷ ಸುಮ್ಮನಿರೋಣ — ಎರಡೇ ನಿಮಿಷ. ಆಮೇಲೆ ಯಾರೂ ಹೊರಡಬೇಡಿ. ಶಿವಾನಿಯಕ್ಕ ಆ ಹಾಳೆಗಳನ್ನು ಗಟ್ಟಿಯಾಗಿ ಓದುತ್ತಾರೆ, ಸರ್ ಇಲ್ಲೇ ನಿಂತು ಉತ್ತರ ಕೊಡುತ್ತಾರೆ.

ಈಗ, ಮೌನ.